ಮೈನೋವು, ಮನಸ್ಸು ಮತ್ತು ತುಂಗಭದ್ರೆಯ ಎರಡು ದಂಡೆ

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ, ಗೊಂಬೆ ಮಾಡುವ ಚಿತ್ರಗಾರರ ಓಣಿಯಲ್ಲಿ ನಾನು ಬೆಳೆದ ಕಾಲಕ್ಕೆ ಬೆನ್ನುನೋವು, ಮೊಣಕಾಲು ನೋವು ಎಂದು ದವಾಖಾನೆಗೆ ಹೋಗುವವರು ಇರಲಿಲ್ಲ. ನೋವು ಕಸುಬಿನ ಜೊತೆ ಬಂದದ್ದು, ಕಸುಬು ಇರುವತನಕ ಇರುವಂಥದ್ದು ಎಂದು ಹಿರಿಯರು ತಿಳಿದಿದ್ದರು. ಗೊಂಬೆ ಕೊಳ್ಳುವವರ ಕಣ್ಣಿಗೆ ಬೀಳುವುದು ಬಣ್ಣ. ಮಾಡುವವರಿಗೆ ಅದು ದಿನವಿಡೀ ನೆಲದ ಮೇಲೆ ಬಗ್ಗಿ ಕೂರುವ ಕೆಲಸ. ಹಗುರ ಕಟ್ಟಿಗೆಯನ್ನು ಕೆತ್ತಿ, ಕೈಕಾಲುಗಳ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಬೇಕು. ಗೋಣಿತಾಟಿನ ಚಿಂದಿಯನ್ನು ನೆನೆಹಾಕಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನ ಜೊತೆ ಅದೇ ಹುಣಸೆ ಅಂಟಿನಲ್ಲಿ ಕಲೆಸಿ ಅರೆದರೆ ಕಿಟ್ಟ ಆಗುತ್ತದೆ. ಆ ಕಿಟ್ಟವನ್ನು ಮೈಮೇಲೆಲ್ಲ ಬೆರಳಿನಿಂದ ತೀಡಿ, ಅದರ ಮೇಲೆ ಅರಿವೆ ಅಂಟಿಸಿ, ಬಿಳಿ ಬಣ್ಣ ಬಳಿದ ಮೇಲೇ ಕಣ್ಣು, ಮೂಗು, ಒಡವೆ. ಅರೆಯುವ, ತೀಡುವ ಕೆಲಸದಲ್ಲಿ ಹೆಂಗಸರ ಕೈಯೇ ಹೆಚ್ಚು. ನಮ್ಮವ್ವನ ಬಲಗೈ ಬೆರಳುಗಳು ಬೆಳಗಿನ ಹೊತ್ತು ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ, ಎಡಗೈಯಿಂದ ಒಂದೊಂದೇ ಬೆರಳನ್ನು ನೀವಿ ನೀವಿ ಬಿಡಿಸಿಕೊಂಡು, ಆಮೇಲೆ ಒರಳಿನ ಮುಂದೆ ಕೂರುತ್ತಿದ್ದಳು. ಯಾರಾದರೂ ಕೇಳಿದರೆ, "ಏನಿಲ್ಲ, ಥಂಡಿಗೆ ಹಿಡ್ಕೊಂಡಾವ" ಎನ್ನುತ್ತಿದ್ದಳು.

ಹೆಚ್ಚು ನೋವಾದರೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಮೊಣಕಾಲಿಗೆ ಕಟ್ಟುವುದು. ಉಪ್ಪನ್ನು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು. ಅದಕ್ಕೂ ಬಗ್ಗದಿದ್ದರೆ ಬರೆ ಹಾಕಿಸುವುದು. ನಮ್ಮ ಕಡೆಯ ಹಳೆಯ ತಲೆಮಾರಿನವರ ಸೊಂಟದ ಮೇಲೆ, ಹೊಟ್ಟೆಯ ಮೇಲೆ ಬರೆಯ ಗುರುತುಗಳು ಈಗಲೂ ಕಾಣಸಿಗುತ್ತವೆ. ಇವೆಲ್ಲ ಮೈಗೆ ಮಾಡಿದ ಉಪಚಾರ. ಊಟ ಬಿಟ್ಟವರಿಗೆ, ಮಾತು ಬಿಟ್ಟವರಿಗೆ, ಸುಮ್ಮನೆ ಅಳುತ್ತ ಕೂತವರಿಗೆ ಗಾಳಿ ಸೋಕಿದೆ ಎಂದು ದೃಷ್ಟಿ ತೆಗೆದು, ತಾಯತ ಕಟ್ಟಿಸಿ, ದ್ಯಾಮವ್ವನ ಗುಡಿಗೋ ದರ್ಗಾಕ್ಕೋ ಕರೆದೊಯ್ಯುತ್ತಿದ್ದರು. ಹತ್ತಾರು ಊರುಗಳ ದ್ಯಾಮವ್ವ, ದುರ್ಗವ್ವರ ಮೂರ್ತಿಗಳನ್ನು ಮಾಡಿಕೊಟ್ಟವರು ಕಿನ್ನಾಳದ ಚಿತ್ರಗಾರರೇ. ಆ ದೇವಿಯ ಮುಂದೆ ಮೈದುಂಬಿ ಕುಣಿದವರಲ್ಲಿ ವರ್ಷಗಟ್ಟಲೆ ತಲೆನೋವು, ಎದೆಬಡಿತ ಅನುಭವಿಸಿದ ಹೆಂಗಸರು ಎಷ್ಟು ಜನ ಇದ್ದರು ಎಂಬುದನ್ನು ನಾನು ಯೋಚಿಸತೊಡಗಿದ್ದು ನರ್ಸ್ ನೌಕರಿಗೆ ಸೇರಿದ ಮೇಲೆ. ಅಂದಿನವರನ್ನು ಮೂಢರು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇರೆ ಕಡೆ ಹೋಗೋಣವೆಂದರೆ ಸರ್ಕಾರ ತೆರೆದಿಟ್ಟ ಬಾಗಿಲು ಯಾವುದಿತ್ತು?

ಇತ್ತು, ಆದರೆ ಅದು ಜೈಲಿನ ಬಾಗಿಲು. 1948ರವರೆಗೆ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಹುಚ್ಚಾಸ್ಪತ್ರೆ ಇದ್ದದ್ದು ಇವತ್ತಿನ ಮಹಾರಾಷ್ಟ್ರದ ಜಾಲ್ನಾದಲ್ಲಿ, ಸೆಂಟ್ರಲ್ ಜೈಲಿನೊಳಗೆ. 1953ರಲ್ಲಿ ಅದನ್ನು ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರಿಸಿದರು. ಪಶ್ಚಿಮಕ್ಕೆ ಹೋದರೆ ಮುಂಬೈ ಪ್ರಾಂತ್ಯದ ಧಾರವಾಡ. ಅಲ್ಲಿ 1845ರಲ್ಲೇ ಬ್ರಿಟಿಷರು ಹುಚ್ಚಾಸ್ಪತ್ರೆ ತೆರೆದಿದ್ದರು. ನಮ್ಮ ಭಾಗದಲ್ಲಿ ಯಾರನ್ನಾದರೂ ಬೈಯಬೇಕಾದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎನ್ನುವುದು ಇಂದಿಗೂ ಉಳಿದಿದೆ. ದಕ್ಷಿಣಕ್ಕೆ ಹೊಳೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಇನ್ನೂ ದೂರಕ್ಕೆ ಮೈಸೂರು ಸಂಸ್ಥಾನದ ಬೆಂಗಳೂರು. ನಿಮ್ಹಾನ್ಸ್ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಅಲ್ಲಿ 1847ರಲ್ಲಿ ಶುರುವಾದ ಆಸ್ಪತ್ರೆಯಲ್ಲಿ. ಒಂದೇ ಕನ್ನಡ ಮಾತಾಡುವ ಜನರಿಗೆ ನಾಲ್ಕು ಆಡಳಿತಗಳು. ಬ್ರಿಟಿಷ್ ಪ್ರಾಂತ್ಯಗಳಲ್ಲಿ 1912ರ ಕಾಯ್ದೆಯ ಪ್ರಕಾರ ರೋಗಿಯನ್ನು ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತಿತ್ತು. ಊರಿಗೆ ಹಾನಿ ಮಾಡುವವರನ್ನು ದೂರ ಇಡುವುದು ಆ ವ್ಯವಸ್ಥೆಯ ಕೆಲಸ. ನಿದ್ದೆಯಿಲ್ಲದೆ, ಮೈಕೈ ನೋಯಿಸಿಕೊಂಡು, ಆದರೂ ರೊಟ್ಟಿ ಬಡಿದು ಹೊಲಕ್ಕೆ ಹೋಗುವ ಹೆಂಗಸಿಗೂ ಆ ಆಸ್ಪತ್ರೆಗೂ ಯಾವ ಸಂಬಂಧವೂ ಇರಲಿಲ್ಲ.

ಆಸ್ಪತ್ರೆಯ ಗೋಡೆ ದಾಟಿ ಹಳ್ಳಿಗೆ ಬಂದು, ಮನೆ ಮನೆಗೆ ಹೋಗಿ "ನಿಮಗೆ ಏನು ತ್ರಾಸು?" ಎಂದು ಕನ್ನಡದಲ್ಲಿ ಕೇಳಿದ ಮೊದಲ ದೊಡ್ಡ ಅಧ್ಯಯನ ನಡೆದದ್ದು ನಮ್ಮ ಬಯಲುಸೀಮೆಯಲ್ಲಲ್ಲ, ಕರಾವಳಿಯ ಕೋಟದಲ್ಲಿ. ಶಿವರಾಮ ಕಾರಂತರ ಹುಟ್ಟೂರು ಅದು. ಎಡಿನ್‌ಬರೊದ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಲ್ಲಿನ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳಲ್ಲಿ ಕೆಲಸ ಮಾಡಿ 1976ರಲ್ಲಿ ಪುಸ್ತಕ ಹೊರತಂದರು. ಹಳ್ಳಿಯವರನ್ನು ಮಾತಾಡಿಸಲೆಂದೇ ಕಪೂರ್, ಮಾಲವಿಕಾ ಕಪೂರ್ ಮತ್ತು ಕಾರ್‌ಸ್ಟೇರ್ಸ್ ಸೇರಿ ಒಂದು ಪ್ರಶ್ನಾವಳಿ ತಯಾರಿಸಿದ್ದರು. ಮೈಯ ನೋವು ಉರಿಗಳಿಗೂ ಮೈಮೇಲೆ ಬರುವುದಕ್ಕೂ ಅದರಲ್ಲಿ ಜಾಗ ಕೊಟ್ಟಿದ್ದರು. ಕಪೂರ್ ಮಂತ್ರವಾದಿ, ಮೈಮೇಲೆ ದೈವ ಬರುವ ಪಾತ್ರಿ, ನಾಟಿ ವೈದ್ಯರ ಹತ್ತಿರವೂ ಹೋಗಿ ಅವರ ರೀತಿಯನ್ನು ತಿಳಿದುಕೊಂಡರು. ಜನ ಇವರ ಹತ್ತಿರವೂ ಹೋಗುತ್ತಾರೆ, ಡಾಕ್ಟರ ಹತ್ತಿರವೂ ಹೋಗುತ್ತಾರೆ; ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದಿಲ್ಲ ಎಂಬುದು ಅವರಿಗೆ ಕಂಡಿತು. ಹಳ್ಳಿಯಲ್ಲಿ ಕೆಲಸ ಮಾಡಿದ ಯಾವ ನರ್ಸಿಗಾದರೂ ಇದು ಗೊತ್ತಿರುವ ಸಂಗತಿ. ಆದರೆ ಅದನ್ನು ಕ್ರಮವಾಗಿ ಕೇಳಿ, ಬರೆದು, ಜಗತ್ತಿನ ಮುಂದಿಟ್ಟವರು ಇವರು. ನನಗೆ ಅವರ ಮೇಲೆ ಗೌರವ ಇರುವುದು ಆ ಕಾರಣಕ್ಕೆ.

ಅದೇ ಕಪೂರ್ 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯ ಘಟಕ ಆರಂಭಿಸಿದರು. ಮರುವರ್ಷ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಮನೆ ಮನೆಗೆ ಹೋಗುವ ಕಾರ್ಯಕರ್ತೆಯರು ತರಬೇತಿ ಪಡೆದರೆ ಮನೋರೋಗವನ್ನು ಗುರುತಿಸಿ ಔಷಧಿ ಕೊಡಬಲ್ಲರೇ ಎಂಬುದನ್ನು ಅಲ್ಲಿ ಪರೀಕ್ಷಿಸಿ ನೋಡಿದರು. ಕೊಡಬಲ್ಲರು ಎಂದಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾರ್ಯಕ್ರಮ ಇದೆ, ಆದರೆ ಒಂದು ಇಡೀ ಜಿಲ್ಲೆಯಲ್ಲಿ ಇದು ನಡೆದೀತೇ? ಅದನ್ನು ನೋಡಲು 1985ರಲ್ಲಿ ಬಳ್ಳಾರಿಯನ್ನು ಆರಿಸಿಕೊಂಡರು.

ನಾನು ಆಗ ಹಡಗಲಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿದ್ದೆ. ಹರಪನಹಳ್ಳಿಯೂ ಸೇರಿ ಎಂಟು ತಾಲ್ಲೂಕುಗಳ, ಸುಮಾರು 15 ಲಕ್ಷ ಜನರ ಜಿಲ್ಲೆ ಅಂದಿನ ಬಳ್ಳಾರಿ. ನಮಗೆ ತರಬೇತಿ ಕೊಟ್ಟರು. ಕನ್ನಡದಲ್ಲಿ ಕೈಪಿಡಿ ಕೊಟ್ಟರು. ಒಬ್ಬನೇ ಮಾತಾಡುವವ, ಮನೆ ಬಿಟ್ಟು ತಿರುಗುವವ, ಮೂರ್ಛೆ ಬೀಳುವವ, ಬುದ್ಧಿ ಬೆಳೆಯದ ಮಗು, ಸಾಯುವ ಮಾತಾಡುವವಳು ಎಂದು ಗುರುತು ಹೇಳಿಕೊಟ್ಟರು. ಕ್ಲೋರ್‌ಪ್ರೊಮಜೀನ್, ಫೀನೋಬಾರ್ಬಿಟೋನ್ ಮಾತ್ರೆಗಳು, ಬಾಯಿಂದ ಔಷಧಿ ನುಂಗದವರಿಗೆ ತಿಂಗಳಿಗೊಮ್ಮೆ ಕೊಡುವ ಫ್ಲೂಫೆನಜೀನ್ ಇಂಜೆಕ್ಷನ್. ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯರು, ಮೇಲಿಂದ ಮೇಲೆ ಪರಿಶೀಲನೆ. ಸರಪಳಿಯಲ್ಲಿ ಕಟ್ಟಿಹಾಕಿದ್ದ ಹುಡುಗ ಆರೇಳು ತಿಂಗಳಲ್ಲಿ ಎತ್ತು ಹೂಡಿಕೊಂಡು ಹೊಲಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಮೂರ್ಛೆರೋಗದಿಂದ ಒಲೆಗೆ ಬಿದ್ದು ಕೈ ಸುಟ್ಟುಕೊಂಡಿದ್ದ ಹೆಣ್ಣುಮಗಳಿಗೆ ಮದುವೆಯಾಯಿತು. ಇಂಥ ಕಡುಕಷ್ಟದಲ್ಲಿದ್ದವರನ್ನು ಮೊದಲು ಹಿಡಿದದ್ದು ಸರಿಯಾದ ತೀರ್ಮಾನವೇ ಆಗಿತ್ತು.

ಆದರೆ ನನ್ನ ಉಪಕೇಂದ್ರದ ಬಾಗಿಲಿಗೆ ದಿನಾ ಬರುತ್ತಿದ್ದವರು ಬೇರೆಯೇ ಜನ. "ಅಕ್ಕಾರ, ಕೈಕಾಲು ಹರಿತಾವ್ರಿ. ಎದಿ ಡವಡವ ಅಂತೈತ್ರಿ. ಒಂದು ಸೂಜಿ ಮಾಡ್ರಿ." ಜ್ವರವಿಲ್ಲ, ಬಾವಿಲ್ಲ. ಮಾತ್ರೆ ಕೊಟ್ಟು ಕಳಿಸಿದರೆ ಮುಂದಿನ ವಾರ ಮತ್ತೆ ಅದೇ. ಅಂಥ ಒಬ್ಬಳ ಮನೆಗೆ ಮಗುವಿನ ಲಸಿಕೆಗೆಂದು ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಲಸಿಕೆ ಕಾರ್ಡು ಬರೆಯುತ್ತಿರುವಾಗ ಅವಳು ಜೋಳ ಹಸನು ಮಾಡುತ್ತ, ತಲೆ ಎತ್ತದೆ, ತಾನಾಗಿ ಮಾತು ತೆಗೆದಳು. ಗಂಡ ಗೋವಾಕ್ಕೆ ದುಡಿಯಲು ಹೋಗಿ ಪತ್ತೆಯಿಲ್ಲ. ಹಿರಿಯ ಮಗು ತೀರಿಹೋಗಿ ವರ್ಷವಾಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. "ಡಾಕ್ಟರ್ ಮುಂದ ಇದನ್ನೆಲ್ಲ ಹೆಂಗ ಹೇಳ್ಲಿ ಅಕ್ಕಾರ? ಸಾಲು ನಿಂತಿರ್ತದ. ಬೆನ್ನು ನೋಯ್ತದ ಅಂದ್ರ ಅವ್ರಿಗೆ ತಿಳೀತದ." ಮುಂದಿನ ಸಭೆಯಲ್ಲಿ ಇದನ್ನು ಹೇಳಿದೆ. ಅಲ್ಲಿದ್ದ ವೈದ್ಯರು ಅವಳನ್ನು ಕರೆಸಿ, ಬಾಗಿಲು ಮುಚ್ಚಿ, ಕೂರಿಸಿ ಮಾತಾಡಿಸಿದರು. ಸಣ್ಣ ಪ್ರಮಾಣದಲ್ಲಿ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರು. ಖಿನ್ನತೆಗೆ ಬಂದ ಈ ಮಾತ್ರೆ ಹಳೆಯ ನೋವಿಗೂ ಕೆಲಸ ಮಾಡುತ್ತದೆ ಎಂಬುದು ವೈದ್ಯರಿಗೆ ತಿಳಿದ ವಿಷಯ. ನಮಗೆ ಯಾರಿಗೂ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ನೋವು ಪೂರ್ತಿ ಹೋಯಿತೆಂದು ಹೇಳಲಾರೆ. ಸೂಜಿ ಕೇಳುವುದನ್ನು ಬಿಟ್ಟಳು, ನಿದ್ದೆ ಬಂತು, ಎರಡು ಎಮ್ಮೆ ಕಟ್ಟಿದಳು.

ಅವಳ ಮಾತಿನಲ್ಲಿ ಇದ್ದದ್ದೇ ಕೆಲವು ವರ್ಷಗಳ ನಂತರ ಲೆಕ್ಕಾಚಾರದಲ್ಲಿ ಬಂತು. 1990ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ಸಾಮಾನ್ಯ ಚಿಕಿತ್ಸಾಲಯಗಳಿಗೆ ಬಂದ ಸುಮಾರು 26,000 ಜನರನ್ನು ಪರೀಕ್ಷಿಸಿತು. ಭಾರತದಿಂದ ಇದ್ದ ಒಂದೇ ಕೇಂದ್ರ ಬೆಂಗಳೂರು. ಅದರಿಂದ ಹೊರಟ ಎರಡು ಲೇಖನಗಳು ನನಗೆ ಮುಖ್ಯ. 1998ರದ್ದು ನೋವಿನ ಕುರಿತದ್ದು. ಚಿಕಿತ್ಸೆಗೆ ಬಂದವರಲ್ಲಿ ಶೇ 22ರಷ್ಟು ಮಂದಿಗೆ ಆರು ತಿಂಗಳಿಗೂ ಮೀರಿದ ನೋವಿತ್ತು. ಹಾಗೆ ನೋಯುವವರಲ್ಲಿ ಖಿನ್ನತೆ ಅಥವಾ ಆತಂಕದ ಕಾಯಿಲೆ ಇರುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟು. 1999ರ ಲೇಖನ ಖಿನ್ನತೆ ಇದ್ದ 1,146 ಜನರದ್ದು. ಅವರಲ್ಲಿ ಶೇ 69 ಮಂದಿ ಡಾಕ್ಟರ ಬಳಿ ಹೇಳಿಕೊಂಡದ್ದು ಬರೀ ಮೈಯ ತೊಂದರೆಯನ್ನು. ತಲೆನೋವು, ಬೆನ್ನುನೋವು, ಸುಸ್ತು.

ಪೂರ್ವದ ಬಡ ಜನ ಮನಸ್ಸಿನ ದುಃಖವನ್ನು ಮೈಯಲ್ಲಿ ಅನುಭವಿಸುತ್ತಾರೆ, ಪಶ್ಚಿಮದವರು ಅದನ್ನು ಮನಸ್ಸು ಎಂದೇ ಗುರುತಿಸುತ್ತಾರೆ ಎಂಬ ಒಂದು ವಾದ ಬಹಳ ಕಾಲ ನಡೆದಿತ್ತು. ನಮ್ಮ ಓದಿದವರೂ ಅದನ್ನೇ ಹೇಳುತ್ತಿದ್ದರು: ಹಳ್ಳಿಯವರಿಗೆ ತಮ್ಮ ಮನಸ್ಸು ತಿಳಿಯುವುದಿಲ್ಲ ಎಂದು. ಆ ಅಧ್ಯಯನ ಈ ಮಾತಿಗೆ ಆಧಾರ ಕೊಡಲಿಲ್ಲ. ಮೈಯ ತೊಂದರೆಯನ್ನಷ್ಟೇ ಹೇಳುವವರು ಎಲ್ಲ ಕೇಂದ್ರಗಳಲ್ಲೂ ಇದ್ದರು. ವ್ಯತ್ಯಾಸ ಬಂದದ್ದು ಚಿಕಿತ್ಸಾಲಯದ ರೀತಿಯಿಂದ. ರೋಗಿಗೆ ತನ್ನದೇ ಆದ, ಮೊದಲಿನಿಂದ ಪರಿಚಯವಿರುವ ಡಾಕ್ಟರು ಇಲ್ಲದ ಕಡೆ ಜನ ಹೆಚ್ಚಾಗಿ ನೋವನ್ನು ಮಾತ್ರ ಹೇಳುತ್ತಿದ್ದರು. ಹಸನು ಮಾಡುವ ಜೋಳದಿಂದ ತಲೆ ಎತ್ತದೆ ಆ ಹೆಂಗಸು ಹೇಳಿದ್ದೂ ಇದನ್ನೇ. ಅವಳಿಗೆ ತನ್ನ ಮನಸ್ಸು ಚೆನ್ನಾಗಿ ತಿಳಿದಿತ್ತು. ಯಾರ ಮುಂದೆ ಹೇಳಬಹುದು ಎಂಬುದೂ ತಿಳಿದಿತ್ತು. ಬಳ್ಳಾರಿಯ ಪ್ರಯೋಗದ ನಿಜವಾದ ಬಲ ಇದ್ದದ್ದು ಇಲ್ಲಿ ಎಂದು ನಾನು ನಂಬಿದ್ದೇನೆ. ಹೊಸ್ತಿಲಿಗೆ ಬರುವ, ಹೆಸರು ಹಿಡಿದು ಕರೆಯುವ, ಮಗುವಿಗೆ ಲಸಿಕೆ ಹಾಕಿದ ಅದೇ ಹೆಂಗಸಿನ ಕೈಗೆ ಮನಸ್ಸಿನ ಚಿಕಿತ್ಸೆಯನ್ನೂ ಕೊಟ್ಟದ್ದು.

ನೋವಿಗೂ ಮನಸ್ಸಿಗೂ ಒಟ್ಟಿಗೆ ಏನು ಮಾಡಬಹುದು ಎಂಬ ಸಂಶೋಧನೆಗಳೂ ಕರ್ನಾಟಕದಲ್ಲಿ ನಡೆದಿವೆ. ಬೆಂಗಳೂರಿನ ಹತ್ತಿರ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ದೀರ್ಘಕಾಲದ ಸೊಂಟನೋವಿನ 80 ಜನರನ್ನು ಎರಡು ಗುಂಪು ಮಾಡಿ, ಚೀಟಿ ಎತ್ತಿದ ಹಾಗೆ ಯಾರಿಗೆ ಯಾವುದು ಎಂದು ನಿರ್ಧರಿಸಿ, ಒಂದು ವಾರ ಅಲ್ಲೇ ಇರಿಸಿಕೊಂಡು, ಒಂದು ಗುಂಪಿಗೆ ಯೋಗ, ಇನ್ನೊಂದಕ್ಕೆ ವ್ಯಾಯಾಮ ಕೊಟ್ಟರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಯೋಗದ ಗುಂಪಿನವರಿಗೆ ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ, ಬೆನ್ನು ಬಗ್ಗುವುದು ಹೆಚ್ಚು ಸುಧಾರಿಸಿತ್ತು. 2012ರ ಲೇಖನದಲ್ಲಿ ನೋವಿನ ಜೊತೆಗೆ ಆತಂಕ, ಖಿನ್ನತೆಯೂ ಇಳಿದದ್ದನ್ನು ಹೇಳಿದರು. ಒಳ್ಳೆಯ ಕೆಲಸ. ಆದರೆ ಒಂದು ವಾರ ಮನೆ, ಮಕ್ಕಳು, ಕೂಲಿ ಬಿಟ್ಟು ಹೋಗಿ ಇರಬಲ್ಲ ಹೆಂಗಸರು ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ನನಗೆ ಕಾಣುವುದಿಲ್ಲ. ನಮ್ಮಂಥವರಿಗೆ ಹತ್ತಿರವಾದದ್ದು ನೆರೆಯ ಗೋವಾದ ಅಧ್ಯಯನ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ 24 ಚಿಕಿತ್ಸಾಲಯಗಳಲ್ಲಿ, ಅರ್ಧದಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರನ್ನು ಕೂರಿಸಿ ನೋಡಿದರು. ಅವರು ವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಬಂದ ಖಿನ್ನತೆ, ಆತಂಕದ ರೋಗಿಗಳಲ್ಲಿ ಹೀಗೆ ಹೆಚ್ಚು ಮಂದಿ ಗುಣಮುಖರಾದದ್ದು ಕಂಡಿತು. ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಬಿಪಿ, ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆಯೂ ಇರುವವರಿಗೆ ಒಟ್ಟಿಗೇ ಚಿಕಿತ್ಸೆ ಕೊಡುವ ಪ್ರಯೋಗ ನಡೆಸಿದ್ದಾರೆ.

ಇತ್ತ ಹೊಳೆಯ ಈಚೆ ದಂಡೆಯ ಕಥೆ ಬೇರೆ. ತುಂಗಭದ್ರಾ ಅಣೆಕಟ್ಟಿನ ಬಲಕ್ಕೆ ಹೊಸಪೇಟೆ, ಎಡಕ್ಕೆ ಮುನಿರಾಬಾದ್. 1985ರಲ್ಲಿ ಬಲದಂಡೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಎಡದಂಡೆ ರಾಯಚೂರು ಜಿಲ್ಲೆಯಲ್ಲಿತ್ತು. ಅಣೆಕಟ್ಟಿನ ಮೇಲೆ ನಿಂತರೆ ಎರಡೂ ಕಾಣುತ್ತವೆ, ಆದರೆ ಮಾತ್ರೆ ಸಿಗುತ್ತಿದ್ದದ್ದು ಒಂದೇ ಕಡೆ. ರಜೆಗೆಂದು ಕಿನ್ನಾಳಕ್ಕೆ ಬಂದರೆ ಓಣಿಯವರು ಬಂದು, "ನಿಮ್ಮ ಕಡೆ ಹುಚ್ಚಿಗೆ ಗುಳಿಗಿ ಕೊಡ್ತಾರಂತಲ್ಲ, ನಮಗೊಂದಿಷ್ಟು ತರಾಕ ಆಗ್ತದೇನವಾ?" ಎಂದು ಕೇಳುತ್ತಿದ್ದರು. ಬಳ್ಳಾರಿಯ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮೊದಲು ಹೋದದ್ದು ಬೇರೆ ರಾಜ್ಯಗಳ ನಾಲ್ಕು ಜಿಲ್ಲೆಗಳಿಗೆ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆ ಬಂದು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವಂತಾಯಿತು. ಈಗ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಹಿಂದೆ ಸರಪಳಿ ಹಾಕುತ್ತಿದ್ದ ಮನೆಯವರು ಈಗ ಬಸ್ಸು ಹತ್ತಿ ಬರುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ.

ಬದಲಾಗದೆ ಉಳಿದದ್ದು ನೋವು. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದಲ್ಲಿ ಹೆಂಗಸರು ಕೂದಲಿನ ಸಿಕ್ಕು ಬಿಡಿಸುತ್ತ ದಿನವಿಡೀ ಬಗ್ಗಿ ಕೂರುತ್ತಾರೆ. ಗಂಗಾವತಿಯ ಗದ್ದೆಗಳಲ್ಲಿ ಸಸಿ ನಾಟಿ ಮಾಡುವವರು ಸೊಂಟ ಹಿಡಿದುಕೊಂಡೇ ಏಳುತ್ತಾರೆ. ಕಿನ್ನಾಳದಲ್ಲಿ ಈಗಲೂ ಕಿಟ್ಟ ಅರೆಯುವ ಕೈಗಳಿವೆ. ಇವರು ಸಾಮಾನ್ಯ ರೋಗಿಗಳ ಸಾಲಿನಲ್ಲಿ ನಿಲ್ಲುತ್ತಾರೆ, ಗುಳಿಗೆ ತೆಗೆದುಕೊಳ್ಳುತ್ತಾರೆ, ಮನೆಗೆ ಹೋಗುತ್ತಾರೆ. ಮಂಗಳವಾರದ ಮನೋವೈದ್ಯರ ಕೋಣೆಗೆ ಇವರು ಹೋಗುವುದಿಲ್ಲ, ಹೋಗು ಎಂದು ಯಾರೂ ಹೇಳುವುದೂ ಇಲ್ಲ. ನೋವು ಸುಳ್ಳು, ಎಲ್ಲ ಮನಸ್ಸಿನದೇ ಎಂದು ಇವರಿಗೆ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ. ಸವೆದ ಮೊಣಕಾಲು ನಿಜ, ನಿದ್ದೆಗೆಟ್ಟ ರಾತ್ರಿಯೂ ನಿಜ. ಒಂದನ್ನು ಕೇಳಿ ಇನ್ನೊಂದನ್ನು ಬಿಟ್ಟರೆ ಎರಡೂ ವಾಸಿಯಾಗುವುದಿಲ್ಲ.

ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಓದುವ ಮಕ್ಕಳಿಗೆ, ಕಲಿಸುವ ಗುರುಗಳಿಗೆ ನನ್ನದೊಂದು ಕೋರಿಕೆ. ಕೋಟದಲ್ಲಿ ಐವತ್ತು ವರ್ಷಗಳ ಹಿಂದೆ ಮಾಡಿದ ಹಾಗೆ ಕಿನ್ನಾಳಕ್ಕೆ, ಭಾಗ್ಯನಗರಕ್ಕೆ ಬನ್ನಿ. ಮನೆ ಮನೆಗೆ ಹೋಗಿ. ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಳ್ಳಿ, ಏಕೆಂದರೆ ಜನ ಬಾಯಿ ಬಿಡುವುದು ಅವರ ಮುಂದೆ. ಎಷ್ಟು ತಿಂಗಳಿಂದ ನೋವಿದೆ ಎಂದು ಕೇಳಿದ ಮೇಲೆ ನಿದ್ದೆ ಬರುತ್ತದೆಯೇ, ಜೀವನದಲ್ಲಿ ಮನಸ್ಸು ಇದೆಯೇ ಎಂದೂ ಕೇಳಿ, ಬರೆದುಕೊಳ್ಳಿ. ಉಳಿದ ಓದುಗರಿಗೂ ಒಂದು ಮಾತು: ನಿಮ್ಮ ಮನೆಯಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ಮೈಕೈ ನೋವೆನ್ನುವವರು ಇದ್ದರೆ, ಎಣ್ಣೆ ತಿಕ್ಕುವಾಗ ಪಕ್ಕದಲ್ಲಿ ಕೂತು ನಿದ್ದೆಯ ಬಗ್ಗೆಯೂ ವಿಚಾರಿಸಿ. ಮಾತು ಭಾರವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.